ಹಲಗೆಯ ಮೇಲೆ ಇಪ್ಪತ್ತೆಂಟು ವರುಷ



ಅರವತ್ತು ದಾಟಿದ ನಾಲ್ವರು ಒಂದೆಡೆ ಕುಳಿತರೆ ಮೊದಲು ಬರುವ ಮಾತು ಮೊಮ್ಮಕ್ಕಳದು, ಎರಡನೆಯದು ನಡುವಿನದು. ನಮ್ಮ ಧಾರವಾಡದ ಕಡೆ ಇದನ್ನು ಟೊಂಕ ಹಿಡಿಯುವುದು ಎನ್ನುತ್ತಾರೆ. ಆ ಹಿಡಿತ ಎಂಥದೆಂಬುದು ಹಿಡಿಸಿಕೊಂಡವರಿಗೇ ಗೊತ್ತು. ಅದರ ಬೆನ್ನಲ್ಲೇ ಬರುವ ಪ್ರಶ್ನೆ, ಎಂಥ ಹಾಸಿಗೆಯ ಮೇಲೆ ಮಲಗಬೇಕು ಎಂಬುದು. ಈ ಪ್ರಶ್ನೆಗೆ ನಾನು ಬಹುಕಾಲ ಒಂದೇ ಉತ್ತರವನ್ನು ಕೊಡುತ್ತ ಬಂದೆನು. ನನ್ನ ಮಾತು ಕೇಳಿ ಹಾಗೆಯೇ ನಡೆದವರಲ್ಲಿ ಕೆಲವರು ಈ ಪತ್ರಿಕೆಯ ಓದುಗರೂ ಇರಬಹುದು. ಅವರ ಮುಂದೆ ಒಂದು ತಪ್ಪೊಪ್ಪಿಗೆ ಬಾಕಿಯಿದೆ.

ಹತ್ತನೆಯ ವಯಸ್ಸಿಗೆ ಮಠವನ್ನು ಸೇರಿದವನು ನಾನು. ಹನ್ನೆರಡು ವರ್ಷ ಪ್ರಸಾದ ನಿಲಯದ ಶಹಾಬಾದ ಫರಸಿಯ ನೆಲದ ಮೇಲೆ ಒಂದು ಚಾಪೆ, ಹೊದೆಯಲೊಂದು ಕಂಬಳಿ, ತಲೆಗೆ ಸುತ್ತಿಟ್ಟ ಧೋತರ. ಬೆಳಗಿನ ನಾಲ್ಕೂವರೆಗೆ ಗಂಟೆ ಬಾರಿಸಿದೊಡನೆ ಎದ್ದು ನಿಲ್ಲುತ್ತಿದ್ದೆವು. ಆಗ ಬೆನ್ನು ಎಂಬುದೊಂದು ದೇಹದಲ್ಲಿದೆಯೆಂಬುದೇ ನಮಗೆ ನೆನಪಿರಲಿಲ್ಲ. ಆ ವಯಸ್ಸಿನ ದೇಹ ಬಂಡೆಯ ಮೇಲೆ ಮಲಗಿದರೂ ನಿದ್ರಿಸುತ್ತದೆ. ನಾನು ಮಾತ್ರ ಅದನ್ನು ನೆಲದ ಗುಣವೆಂದು ತಿಳಿದೆನು. ಗೃಹಸ್ಥನಾಗಿ, ಪ್ರೌಢಶಾಲೆಯಲ್ಲಿ ಅಧ್ಯಾಪಕನಾಗಿ ನೆಲೆ ನಿಂತ ಮೇಲೂ ಮೆತ್ತನೆಯ ಗಾದಿಯೆಂದರೆ ಸೋಮಾರಿಗಳ ಸೊತ್ತು ಎಂಬ ತಾತ್ಸಾರ ನನ್ನೊಳಗೆ ಉಳಿದೇ ಇದ್ದಿತು.

೧೯೯೪ರಲ್ಲಿ ಗ್ರಂಥಾಲಯದ ಪುಸ್ತಕದ ಪೆಟ್ಟಿಗೆಯೊಂದನ್ನು ಬಗ್ಗಿ ಎತ್ತುವಾಗ ನಡು ಹಿಡಿಯಿತು. ಅಂದಿನ ವೈದ್ಯರು ಮೂರು ವಾರ ಏಳದೆ ಮಲಗಿರಬೇಕೆಂದೂ, ಗಟ್ಟಿ ಹಲಗೆಯ ಮೇಲೆಯೇ ಮಲಗಬೇಕೆಂದೂ ಅಪ್ಪಣೆ ಮಾಡಿದರು. ಅವರನ್ನು ದೂರುವಂತಿಲ್ಲ; ಆ ಕಾಲದಲ್ಲಿ ಬಹುತೇಕ ಎಲ್ಲರೂ ಕೊಡುತ್ತಿದ್ದ ಸಲಹೆ ಅದೇ ಆಗಿದ್ದಿತು. ನನಗಂತೂ ಹಿಡಿಸಲಾರದಷ್ಟು ಸಂತೋಷ. ಮಠದಲ್ಲಿ ಕಲಿತದ್ದನ್ನು ವೈದ್ಯಶಾಸ್ತ್ರವೇ ಒಪ್ಪಿದಂತಾಯಿತಲ್ಲ! ಬಡಿಗನನ್ನು ಕರೆಯಿಸಿ ಮಂಚದ ಅಳತೆಗೆ ಸರಿಯಾಗಿ ಸಾಗವಾನಿಯ ಹಲಗೆಯನ್ನು ಮಾಡಿಸಿದೆನು. ಮೇಲೊಂದು ಜಮಖಾನೆ, ಅದರ ಮೇಲೊಂದು ತೆಳುವಾದ ಕೌದಿ. ನೋವು ಎರಡು ತಿಂಗಳಿಗೆ ಇಳಿಯಿತು. ಅಂಥ ನೋವು ಬಹಳ ಮಂದಿಗೆ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಇಳಿಯುತ್ತದೆ ಎಂಬುದು ಅನಂತರ ತಿಳಿದ ಸಂಗತಿ. ಅಂದು ಹಲಗೆಗೇ ಕೀರ್ತಿ ಸಂದಿತು. ಮನೆಗೆ ಬಂದವರಿಗೆಲ್ಲ ಅದನ್ನು ತಟ್ಟಿ ತೋರಿಸುತ್ತಿದ್ದೆನು.

ಹಲಗೆ ಹಾಗೆಯೇ ಉಳಿಯಿತು. ೨೦೨೨ರ ಚಳಿಗಾಲದಲ್ಲಿ, ನಿವೃತ್ತನಾಗಿ ಮೂರು ವರ್ಷಗಳಾಗಿದ್ದಾಗ, ನೋವು ಮರಳಿ ಬಂದಿತು. ಈ ಸಲ ಅದರ ರೀತಿಯೇ ಬೇರೆ. ಹಗಲು ನಡೆದಾಡುವಾಗ ಅಷ್ಟಿಲ್ಲ. ಬೆಳಗ್ಗೆ ಏಳುವಾಗ ನಡು ಮರದ ಕೊರಡು. ಪೂಜೆಗೆ ಕುಳಿತರೆ ಗೋಡೆಗೆ ಒರಗದೆ ಅರ್ಧ ತಾಸು ಸಾಗದು. ಗೋಡೆಗೊರಗಿ ಲಿಂಗಪೂಜೆ ಮಾಡಿಕೊಳ್ಳುವ ಸ್ಥಿತಿ ಬಂದಿತಲ್ಲ ಎಂದು ನನಗೆ ನಾಚಿಕೆಯಾಯಿತು. ಹಾಸಿಗೆ ಸಾಕಷ್ಟು ಗಟ್ಟಿಯಿಲ್ಲವೆಂದು ಬಗೆದು, ಇದ್ದ ಕೌದಿಯನ್ನೂ ತೆಗೆಯಿಸಿದೆನು. ನೋವು ಇಮ್ಮಡಿಸಿತು.

ಆ ದಿನಗಳಲ್ಲೇ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಎಚ್ಚರವಾಗಿ ದೀಪ ಹಾಕಿದೆನು. ನನ್ನ ಮನೆಯವರು ಗೋಡೆಯ ಕಡೆಗೆ ಮುಖ ಮಾಡಿ ಮಗ್ಗುಲಾಗಿ ಮಲಗಿದ್ದರು. ಅವರ ಭುಜದ ಕೆಳಗೊಂದು, ಸೊಂಟದ ಕೆಳಗೊಂದು, ನಾಲ್ಕು ಮಡಿಕೆ ಮಾಡಿದ ಹಳೆಯ ಸೀರೆಗಳು. ಬೆಳಗ್ಗೆ ಕೇಳಿದೆನು, ಇದು ಎಂದಿನಿಂದ ಎಂದು.

“ಹುಡುಗಿ ಲಗ್ನ ಆದಾಗಿಂದ ರೀ. ಹಲಗಿ ಒತ್ತತದ, ಮಗ್ಗಲಾ ಜೋಮು ಹಿಡಿತದ. ನೀವು ಏಳೂದರೊಳಗ ತೆಗೆದಿಡತಿದ್ದೆ.”

“ಒಂದು ಮಾತು ಹೇಳಬಾರದಿತ್ತೇನು?”

“ನಿಮ್ಮ ನೇಮಕ್ಕ ನಾ ಯಾಕ ಅಡ್ಡ ಬರಲಿ ಅಂತ ಸುಮ್ಮನಿದ್ದೆ.”

ಮಗಳ ಮದುವೆಯಾದದ್ದು ೨೦೦೯ರಲ್ಲಿ. ಹದಿಮೂರು ವರ್ಷ! ನೇಮ ನನ್ನದು, ಮಗ್ಗುಲು ಅವರದು. ಮಠದಲ್ಲಿ ನೆಲದ ಮೇಲೆ ಮಲಗಿದ್ದು ಒಂದು ಶಿಸ್ತು. ಅದನ್ನು ಔಷಧವೆಂದು ಭ್ರಮಿಸಿದ್ದು ನನ್ನ ಮೊದಲ ತಪ್ಪು. ಕೇಳದೆಯೇ ಇನ್ನೊಬ್ಬರಿಗೆ ಆ ಔಷಧವನ್ನು ಕುಡಿಸಿದ್ದು ಎರಡನೆಯದು, ಮತ್ತು ದೊಡ್ಡದು.

ಆ ವಾರವೇ ಇಬ್ಬರೂ ಹುಬ್ಬಳ್ಳಿಯಲ್ಲಿ ಒಬ್ಬ ಎಲುಬು ತಜ್ಞರನ್ನು ಕಂಡೆವು. ನನ್ನ ಕಾಲುಗಳಲ್ಲಿ ಬಲ ಕುಂದಿಲ್ಲ, ಜೋಮಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಂಡರು. ಇವುಗಳಲ್ಲಿ ಯಾವುದೊಂದಿದ್ದರೂ, ಅದರಲ್ಲೂ ಮಲಮೂತ್ರಗಳ ಹಿಡಿತ ತಪ್ಪಿದರೆ, ಹಾಸಿಗೆಯ ವಿಚಾರವನ್ನು ಬದಿಗಿಟ್ಟು ಒಡನೆಯೇ ಆಸ್ಪತ್ರೆಗೆ ಹೋಗಬೇಕಂತೆ. ಓದುಗರು ಇದನ್ನು ಮರೆಯಬಾರದು.

ಅನಂತರ ಅವರು ಹೇಳಿದ್ದು ಬಹು ಸರಳವಾಗಿದ್ದಿತು. ಬೆನ್ನೆಲುಬಿನ ಕಂಬ ನೆಟ್ಟ ಗಳುವಿನಂತೆ ನೇರವಾಗಿಲ್ಲ. ಕುತ್ತಿಗೆಯಲ್ಲಿ ಒಳಬಾಗು, ಬೆನ್ನಿನಲ್ಲಿ ಹೊರಬಾಗು, ನಡುವಿನಲ್ಲಿ ಮತ್ತೆ ಒಳಬಾಗು. ಅಂಗಾತ ಹಲಗೆಯ ಮೇಲೆ ಮಲಗಿದರೆ ಬೆನ್ನೂ ಪಿರ್ರೆಯೂ ಹಲಗೆಯನ್ನು ಮುಟ್ಟುತ್ತವೆ, ನಡು ಮಾತ್ರ ಆಧಾರವಿಲ್ಲದೆ ತೂಗುತ್ತಿರುತ್ತದೆ. ಮಗ್ಗುಲಾದರೆ ಭುಜ, ಸೊಂಟಗಳ ಮೇಲೆ ಭಾರವೆಲ್ಲ ಬೀಳುತ್ತದೆ. ಹಾಗೆಂದು ತೀರ ಮೆತ್ತನೆಯ ಹಾಸಿಗೆಯೂ ಸಲ್ಲದು. ಜೋತುಬಿದ್ದ ಹೊರಸಿನಲ್ಲಿ ಮಲಗಿದಂತೆ ಅದರಲ್ಲಿ ಸೊಂಟ ಹೂತುಹೋಗಿ ಬೆನ್ನು ತೊಟ್ಟಿಲಾಗುತ್ತದೆ.

ಪ್ರಮಾಣವಿಲ್ಲದೆ ಒಪ್ಪುವವನಲ್ಲ ನಾನು; ಅಧ್ಯಾಪಕನ ಚಟ. ಕೇಳಿದ್ದಕ್ಕೆ ಅವರು ಎರಡು ಪ್ರಯೋಗಗಳನ್ನು ವಿವರಿಸಿದರು. ಸ್ಪೇನ್ ದೇಶದಲ್ಲಿ ಬಹುದಿನದ ನಡುನೋವಿದ್ದ ೩೧೩ ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆಯನ್ನೂ, ಯಾರಿಗೆ ಯಾವುದೆಂದು ತಿಳಿಸದೆ ಕೊಟ್ಟು ೯೦ ದಿನ ನೋಡಿದರು. ೨೦೦೩ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಎರಡೂ ಗುಂಪಿನವರಿಗೆ ಗುಣ ಕಂಡಿತು. ಆದರೆ ಮಲಗಿದಾಗಿನ ಮತ್ತು ಏಳುವಾಗಿನ ನೋವು ಮಧ್ಯಮ ಗಟ್ಟಿಯ ಹಾಸಿಗೆಯವರಲ್ಲಿ ಹೆಚ್ಚು ತಗ್ಗಿತ್ತು. ಇನ್ನೊಂದು ೧೯೯೫ರದು. ಫಿನ್‌ಲೆಂಡಿನ ಹೆಲ್ಸಿಂಕಿ ನಗರದಲ್ಲಿ ಹೊಸದಾಗಿ ನಡು ಹಿಡಿದಿದ್ದ ೧೮೬ ನೌಕರರಲ್ಲಿ ಕೆಲವರನ್ನು ಎರಡು ದಿನ ಮಲಗಿಸಿದರು, ಕೆಲವರಿಗೆ ಬೆನ್ನಿನ ವ್ಯಾಯಾಮ ಹೇಳಿದರು, ಮಿಕ್ಕವರಿಗೆ ನೋವು ತಾಳುವಷ್ಟರ ಮಟ್ಟಿಗೆ ನಿತ್ಯದ ಕೆಲಸಗಳನ್ನೇ ಮಾಡಿಕೊಂಡಿರಲು ತಿಳಿಸಿದರು. ಬೇಗ ಚೇತರಿಸಿದವರು ಈ ಮಿಕ್ಕವರು. ನನ್ನನ್ನು ಮೂರು ವಾರ ಮಲಗಿಸಿದ್ದು ಅದಕ್ಕೆ ಒಂದೇ ವರ್ಷ ಮೊದಲು!

ಹಲಗೆಯನ್ನು ಇಳಿಸಿ, ಮೊದಲು ನಾವು ಹೋದದ್ದು ಗಾದಿ ಹೊಲಿಯುವ ಪಿಂಜಾರ ಚಾಚಾ ಅವರ ಬಳಿಗೆ. ಹಿಂದೆ ಬಿಲ್ಲು ಹಿಡಿದು ಹತ್ತಿ ಹಿಂಜುತ್ತ ಮನೆಮನೆಗೆ ಬರುತ್ತಿದ್ದವರು. ಈಗ ಅಂಗಡಿಯಲ್ಲಿ ಯಂತ್ರವಿದೆ. ಹನ್ನೆರಡು ಕಿಲೋ ಹತ್ತಿಯ ಗಾದಿಯೊಂದನ್ನು ಬಹು ಅಂದವಾಗಿ ಹೊಲಿದುಕೊಟ್ಟರು. ಮೊದಲ ಮೂರು ತಿಂಗಳು ಸುಖವಾಗಿದ್ದಿತು. ಹೊಸ ಹತ್ತಿಯ ಗಾದಿಯಂಥದು ನಮ್ಮ ಹವೆಗೆ ಬೇರೊಂದಿಲ್ಲವೆಂದು ನಾನು ಈಗಲೂ ನಂಬುತ್ತೇನೆ. ಬೇಸಿಗೆಯಲ್ಲಿ ಬೆವರು ಹೀರುತ್ತದೆ, ಮೈ ಕಾಯಿಸುವುದಿಲ್ಲ. ಆದರೆ ದಿನ ಕಳೆದಂತೆ ಹತ್ತಿ ಅದುಮಿ ಗಂಟು ಕಟ್ಟುತ್ತದೆ, ಸೊಂಟವಿರುವಲ್ಲಿ ಕುಳಿ ಬೀಳುತ್ತದೆ. ಚಾಚಾ ಅವರೇ ನೇರವಾಗಿ ಹೇಳಿದರು: “ವಾರಕ್ಕೊಮ್ಮೆ ಬಿಸಿಲಿಗೆ ಹಾಕಬೇಕ್ರಿ ಮಾಸ್ತರ, ಎರಡ ವರ್ಷಕ್ಕೊಮ್ಮೆ ಹಿಂಜಿಸಬೇಕು. ನಿಮ್ಮ ಟೊಂಕಕ್ಕ ಇದನ್ನ ಮಾಳಗಿ ಮ್ಯಾಲ ಹೊರೂದು ಆಗೂದಿಲ್ಲ.” ತನ್ನ ಸರಕಿನ ದೋಷವನ್ನು ತಾನೇ ಹೇಳುವ ವ್ಯಾಪಾರಿ ಇಂದಿಗೂ ಇದ್ದಾನೆ ಎಂಬುದು ದೊಡ್ಡ ಮಾತು. ಎತ್ತಿ ಹಾಕುವ ಗಂಡಾಳುಗಳು ಮನೆಯಲ್ಲಿರುವವರು ಹತ್ತಿಯ ಗಾದಿಯನ್ನು ಬಿಡಬೇಕಾಗಿಲ್ಲ.

ಅನಂತರ ಪೇಟೆಯ ಅಂಗಡಿಗಳು. ಅಲ್ಲಿ ಪ್ರತಿಯೊಂದರ ಮೇಲೂ ‘ಆರ್ಥೋಪೆಡಿಕ್’ ಎಂದು ದೊಡ್ಡಕ್ಷರಗಳಲ್ಲಿ ಬರೆದಿರುತ್ತದೆ. ಆ ಮಾತಿಗೆ ವೈದ್ಯಶಾಸ್ತ್ರದಲ್ಲಿ ಗೊತ್ತುಪಡಿಸಿದ ಅಳತೆಯಿಲ್ಲ. ಅದು ಮಾರುವವರ ಮಾತು. ತೆಂಗಿನ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ ಒತ್ತಿ ಮಾಡಿದ ಕಾಯರ್ ಹಾಸಿಗೆ ಗಟ್ಟಿ, ಗಾಳಿಯಾಡುತ್ತದೆ; ಅದರೊಂದರ ಮೇಲೆಯೇ ಮಲಗಿದರೆ ನಮ್ಮ ಹಲಗೆಯ ತಮ್ಮನೇ ಸರಿ. ಸ್ಪ್ರಿಂಗಿನ ಹಾಸಿಗೆಗಳಲ್ಲಿ ಎರಡು ಬಗೆ. ಎಲ್ಲ ಸುರುಳಿಗಳನ್ನೂ ತಂತಿಯಿಂದ ಬೆಸೆದದ್ದಾದರೆ ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಎಚ್ಚರ. ಒಂದೊಂದು ಸುರುಳಿಯನ್ನೂ ಬಟ್ಟೆಯ ಚೀಲದಲ್ಲಿ ಪ್ರತ್ಯೇಕವಾಗಿ ಹೊಲಿದದ್ದರಲ್ಲಿ ಆ ತೊಂದರೆ ಕಡಿಮೆ. ಮೆಮೊರಿ ಫೋಮ್ ಎಂಬುದು ೧೯೬೬ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ, ವಿಮಾನದ ಆಸನಕ್ಕೆಂದು ರೂಪಿಸಿದ ವಸ್ತು. ಮೈಯ ಬಿಸಿಗೆ ಮೆತ್ತಗಾಗಿ ಮೈಯಾಕಾರವನ್ನೇ ತಾಳುತ್ತದೆ. ಆದರೆ ಆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಕೂಡ. ರಾಯಚೂರು, ಕಲಬುರ್ಗಿಯ ಬೇಸಿಗೆಯನ್ನು ಬಲ್ಲವರು ಯೋಚಿಸಿ ಕೊಳ್ಳಬೇಕು.

ವೈದ್ಯರು ಹೇಳಿಕೊಟ್ಟ ಪರೀಕ್ಷೆ ಇಷ್ಟೆ. ಅಂಗೈಯಿಂದ ಒತ್ತಿ ನೋಡುವುದು ವ್ಯರ್ಥ. ಪಾದರಕ್ಷೆ ಕಳಚಿ, ಮನೆಯಲ್ಲಿ ಹೇಗೆ ಮಲಗುವಿರೋ ಹಾಗೆಯೇ ಹತ್ತು-ಹದಿನೈದು ನಿಮಿಷ ಮಲಗಬೇಕು. ಅಂಗಾತ ಮಲಗಿದಾಗ ನಡುವಿನ ಕೆಳಗೆ ಕೈ ತೂರಿಸಿ: ಸರಾಗವಾಗಿ ಹೋಗಿಬಂದರೆ ಹಾಸಿಗೆ ಗಟ್ಟಿಯಾಯಿತು, ತೂರಲೇ ಆಗದಿದ್ದರೆ ಮೆತ್ತಗಾಯಿತು, ತುಸು ಬಿಗಿಯಾಗಿ ಹೋದರೆ ಸರಿ. ಮಗ್ಗುಲಾದಾಗ ಜೊತೆಗಿದ್ದವರು ಹಿಂದೆ ನಿಂತು ನೋಡಬೇಕು. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನೆಲುಬು ಒಂದೇ ಸಾಲಿನಲ್ಲಿರಬೇಕು. ಮೈಭಾರ ಹೆಚ್ಚಿದ್ದವರಿಗೆ ಹೆಚ್ಚು ಗಟ್ಟಿಯದು ಬೇಕು, ಹಗುರವಾದವರಿಗೆ ಮೆತ್ತನೆಯದು. ಇಡಿಯ ಮನೆಗೆ ಒಂದೇ ಹಾಸಿಗೆ ಹೊಂದಬೇಕೆಂಬ ನಿಯಮವಿಲ್ಲ.

ಹೇಳುವುದು ಸುಲಭ. ಎರಡು ಅಂಗಡಿಗಳಲ್ಲಿ ನಾನೊಬ್ಬನೇ, ಹಣೆಯ ವಿಭೂತಿ ದಿಂಬಿಗೆ ಹತ್ತೀತೆಂಬ ಸಂಕೋಚದಿಂದ, ಮಲಗಿದ್ದಾಯಿತು. ಮನೆಯವರು ಜಪ್ಪಯ್ಯ ಎನ್ನಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೆಂಗಸು ಮಲಗುವುದೆಂದರೇನು ಎಂಬುದು ಅವರ ಮಾತು, ತಪ್ಪೆನ್ನುವಂತೆಯೂ ಇರಲಿಲ್ಲ. ಮೂರನೆಯ ಅಂಗಡಿಯ ಮಾಲೀಕರು ಸೂಕ್ಷ್ಮ ಬಲ್ಲವರು. ಕೆಲಸದ ಹುಡುಗರನ್ನು ಚಹಕ್ಕೆ ಕಳುಹಿಸಿ, ಅತ್ತಿಗೆಯನ್ನು ಕರೆದಂತೆ “ಬರ್ರಿ ವೈನಿ, ಹಿಂದಿನ ಕೋಣ್ಯಾಗ ಯಾರೂ ಬರೂದಿಲ್ಲ, ಸಾವಕಾಶ ನೋಡ್ರಿ” ಎಂದು ಹೇಳಿ ತಾವೂ ಹೊರಗೆ ಹೋದರು. ಚೀಲ ಹೊಲಿದ ಸುರುಳಿಗಳ ಮೇಲೆ ಮೆತ್ತನೆಯ ಪದರವಿದ್ದ ಹಾಸಿಗೆಯ ಮೇಲೆ ಅವರು ಅಂಜುತ್ತಂಜುತ್ತ ಮಗ್ಗುಲಾದರು. ನಾನು ಹಿಂದೆ ನಿಂತು ಬೆನ್ನಿನ ಸಾಲನ್ನು ನೋಡಿದೆನು; ನೆಟ್ಟಗಿದ್ದಿತು. ಹೇಗಿದೆಯೆಂದು ಕೇಳಿದೆನು. ಉತ್ತರ ಬರಲಿಲ್ಲ. ಎರಡನೆಯ ಸಲ ಕೇಳಿದಾಗಲೂ ಬರಲಿಲ್ಲ. ನಿದ್ದೆ ಹೋಗಿದ್ದರು. ಅರ್ಧ ತಾಸು ನಾನು ಆ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದೆನು.

ನನಗೆ ಅದು ಮೆತ್ತಗಾಯಿತು. ನಾನು ಕಾಯರಿನ ನಾಲ್ಕಂಗುಲದ ಮೇಲೆ ಎರಡಂಗುಲ ಫೋಮ್ ಇದ್ದುದನ್ನು ಆರಿಸಿದೆನು. ಎತ್ತರ ಸರಿಹೊಂದುವಂತೆ ನೋಡಿ, ಒಂದೇ ಮಂಚದ ಮೇಲೆ ಒಬ್ಬೊಬ್ಬರ ಅಳತೆಯ ಎರಡು ಹಾಸಿಗೆಗಳನ್ನು ಜೋಡಿಸಿ, ಮೇಲೊಂದೇ ಚಾದರ ಹಾಸಿದ್ದೇವೆ. ಕಂಡ ನೆಂಟರು ಇದೇನು ಹೊಸ ಪದ್ಧತಿ ಎಂದು ನಗುವುದುಂಟು, ನಗಲಿ. ಮಂಚದ ಅಂಚಿನಲ್ಲಿ ಕುಳಿತಾಗ ಅಂಗಾಲು ಪೂರ್ತಿ ನೆಲಕ್ಕೆ ಮುಟ್ಟುವಷ್ಟೇ ಎತ್ತರವಿರುವಂತೆ ಕಾಲುಗಳನ್ನು ಕೊಯಿಸಿದೆವು. ಅಂಗಾತ ಮಲಗುವ ನಾನು ಮೊಣಕಾಲಿನ ಕೆಳಗೊಂದು ದಿಂಬನ್ನಿಡುತ್ತೇನೆ, ಮಗ್ಗುಲಾಗುವ ಅವರು ಮೊಣಕಾಲುಗಳ ನಡುವೆ. ಏಳುವಾಗ ನೆಟ್ಟಗೆ ಎದ್ದು ಕೂಡದೆ, ಮೊದಲು ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕು. ಈ ಪುಕ್ಕಟೆಯ ಉಪಾಯಗಳಿಂದ ಆದ ಲಾಭ ಹಣ ಕೊಟ್ಟು ತಂದದ್ದಕ್ಕಿಂತ ಕಡಿಮೆಯೇನಲ್ಲ.

ನನ್ನ ನೋವು ಪೂರ್ತಿ ಹೋಗಿದೆಯೆ? ಇಲ್ಲ. ಬೆಳಗಿನ ಬಿಗಿತ ಒಂದು ತಾಸಿನಿಂದ ಹತ್ತು ನಿಮಿಷಕ್ಕೆ ಇಳಿದಿದೆ. ಅದರಲ್ಲಿ ಹಾಸಿಗೆಯ ಪಾಲೆಷ್ಟು, ವೈದ್ಯರು ಹಚ್ಚಿದ ನಿತ್ಯ ನಡಿಗೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆನು. ನಡಿಗೆಯದೇ ಹೆಚ್ಚೆಂದು ಮನಸ್ಸು ಹೇಳುತ್ತದೆ. ಪೂಜೆಗೆ ಕೂಡುವಾಗ ಮಣೆಯ ಮೇಲೆ ಕಂಬಳಿ ಮಡಿಸಿ ಸ್ವಲ್ಪ ಎತ್ತರ ಮಾಡಿಕೊಂಡಿದ್ದೇನೆ. ಗೋಡೆ ಈಗ ಬೇಕಾಗುವುದಿಲ್ಲ.

ಸಾಗವಾನಿಯ ಹಲಗೆಯನ್ನು ಮಾರಲು ಮನಸ್ಸಾಗದೆ ಕೆಲವು ದಿನ ಬಾಗಿಲ ಹಿಂದೆ ನಿಲ್ಲಿಸಿದ್ದೆನು. ಈ ಬೇಸಿಗೆಯಲ್ಲಿ ಮನೆಯವರು ಅದನ್ನು ಮಾಳಿಗೆಗೆ ಹೊರಿಸಿದ್ದಾರೆ. ಶಾವಿಗೆ, ಸಂಡಿಗೆಗಳನ್ನು ಒಣಗಿಸಲು ಅಷ್ಟು ಒಳ್ಳೆಯ ಹಲಗೆ ಓಣಿಯಲ್ಲೇ ಬೇರೊಂದಿಲ್ಲವಂತೆ.