ಕೂತು ದುಡಿಯೋಕೆ ಒಂದು ಜಾಗ

ನಮ್ಮ ಅಪ್ಪ ಅವ್ವಂದಿರು ನಿಂತು ದುಡಿದವರು, ಬಗ್ಗಿ ದುಡಿದವರು. ಹೊಗೆಸೊಪ್ಪು ಮುರಿಯೋದು, ಕಡ್ಡಿಗೆ ಕಟ್ಟೋದು, ಬ್ಯಾರನ್ನಿಗೆ ಏರಿಸೋದು, ರಾತ್ರಿಯೆಲ್ಲ ಒಲೆಗೆ ಸೌದೆ ಒಟ್ಟೋದು. ಕೂತಿದ್ದವರು ಬೇರೆಯವರು. "ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು" ಅಂತ ಅವ್ವ ಬೈಯೋಳು. ಆ ಅವ್ವನ ಮಕ್ಕಳು ನಾವೀಗ ಕೂತು ದುಡಿಯುವ ಕೆಲಸ ಕಲಿತಿದ್ದೀವಿ. ಕೂರೋಕೇ ಜಾಗ ಇಲ್ಲ.

ನಾವು ಐದು ಜನ. ಇಬ್ಬರು ಹುಣಸೂರು ತಾಲ್ಲೂಕು, ಮಿಕ್ಕವರು ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು. ಡಿಗ್ರಿ ಓದುವಾಗ ಸ್ನೇಹವಾದವರು. ಪುಟಕ್ಕಿಷ್ಟು ಅಂತ ಕನ್ನಡ ಟೈಪು ಮಾಡ್ತೀವಿ, ಕರಡು ತಿದ್ತೀವಿ, ಇಂಗ್ಲಿಷಿನದನ್ನು ಕನ್ನಡಕ್ಕೆ ತರ್ತೀವಿ. ಐದು ಜನಕ್ಕೆ ಮೂರು ಲ್ಯಾಪ್‌ಟಾಪು. ಬೆಳಿಗ್ಗೆ ಬಂದ ಕೆಲಸ ರಾತ್ರಿ ಹತ್ತಕ್ಕೆ ಹೋಗಲೇಬೇಕು. ಹೋಗದಿದ್ದರೆ ನಾಳೆಯ ಕೆಲಸ ಬೇರೆಯವರಿಗೆ.

ಮನೇಲೇ ಮಾಡ್ಕೊಳ್ಳಿ ಅಂತಾರೆ. ಯಾವ ಮನೆ? ಎರಡು ಅಂಕಣದ ಮನೆಯಲ್ಲಿ ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಅಜ್ಜಿಯ ಕೆಮ್ಮು, ತಂಗಿಯ ಪುಸ್ತಕ, ಮಳೆ ಬಂದರೆ ಆಡುಮರಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಾಗ ಬೆಂಗಳೂರಿಂದ ಬಂದ ದೊಡ್ಡಮನೆ ಹುಡುಗರು ಮಹಡಿ ಮೇಲೆ ಮೇಜು ಹಾಕ್ಕೊಂಡು ದುಡಿದರು. ಊರು ಬೆರಗಾಗಿ ನೋಡಿತು. ನಮ್ಮವಳೊಬ್ಬಳು ಬಚ್ಚಲ ಗೋಡೆಗೆ ಒರಗಿ ಅದೇ ಥರದ ಕೆಲಸ ಮಾಡುತ್ತಿದ್ದಳು. "ಕೂಸು ಮೊಬೈಲ್ ಹಿಡ್ಕಂಡು ಕೆಟ್ಟೋಯ್ತು" ಅಂದರು.

ಬ್ಯಾರನ್ನನ್ನೂ ನೋಡಿದೆವು. ಸೊಪ್ಪೆಲ್ಲ ಹರಾಜಿಗೆ ಹೋದ ಮೇಲೆ ಅದು ಖಾಲಿ. ಆದರೆ ಅರ್ಧ ಗಂಟೆಗೇ ಹೊಗೆಸೊಪ್ಪಿನ ಘಾಟಿಗೆ ತಲೆ ಗಿರ್ರ್ ಅನ್ನುತ್ತೆ. ಆ ಗೋಡೆಯೊಳಕ್ಕೆ ಸಿಗ್ನಲ್ ಬರಲ್ಲ.

ಮೈಸೂರಿನಲ್ಲಿ ಈಗ ಕುರ್ಚಿಯೇ ಬಾಡಿಗೆಗೆ ಸಿಗುತ್ತೆ. ಕೋ-ವರ್ಕಿಂಗ್ ಅಂತಾರೆ. ತಣ್ಣನೆ ಗಾಳಿ, ವೈ-ಫೈ, ಕಾಫಿ ಮಿಷನ್ನು. ದಿನಕ್ಕೆ ಅವರು ಕೇಳಿದ ದುಡ್ಡು ಹೆಚ್ಚೂಕಡಿಮೆ ಅಪ್ಪನ ಒಂದು ದಿನದ ಕೂಲಿ. 2025ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಪ್ಪ ಒಂದಿನ ಮಣ್ಣು ಹೊತ್ತರೆ ಮಗ ಒಂದಿನ ಕೂರಬಹುದು! ಹುಣಸೂರಿಂದ 45 ಕಿಲೋಮೀಟರ್ ಬಸ್ ಚಾರ್ಜು ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ, ನಮ್ಮಿಬ್ಬರು ಹುಡುಗಿಯರಿಗೆ ಅದೊಂದು ಉಳಿಯಿತು. ಕುರ್ಚಿ ಫ್ರೀ ಆಗಲಿಲ್ಲ.

ಹಾಗಾದರೆ ಹತ್ತಿರದ ಪೇಟೆಯಲ್ಲೇ ಒಂದು ರೂಮು ಹಿಡಿಯೋಣ ಅಂತ ಹೊರಟೆವು. ಮೊದಲ ಮಾಲೀಕರು ಒಳ್ಳೆ ಮಾತಿನವರು. ಕೂರಿಸಿ ನೀರು ಕೊಟ್ಟರು.

"ಯಾವೂರಪ್ಪ?"

ಹೇಳಿದೆವು.

"ಊರೊಳಗೆ ಯಾವ ಬೀದಿ?"

ಅದನ್ನೂ ಹೇಳಿದೆವು.

"ಅಯ್ಯೋ, ನಮ್ಮಣ್ಣನ ಮಗ ಬತ್ತೀನಿ ಅಂದಿದ್ದ ಕನಪ್ಪ, ಮರತೇಬುಟ್ಟಿದ್ದೆ."

ಇಂಥ ಅಣ್ಣನ ಮಕ್ಕಳು ನಮಗೆ ಹುಣಸೂರಿನಲ್ಲಿ ಮೂರು, ಕೆ.ಆರ್. ನಗರದಲ್ಲಿ ಎರಡು ಸಿಕ್ಕಿದರು. ಯಾರೂ ಜಾತಿ ಕೇಳಲಿಲ್ಲ. ಬೀದಿ ಕೇಳಿದರು, ಅಷ್ಟೇ.

ಗೆಳೆಯರೇ, ಇದು ನಮಗೊಬ್ಬರಿಗೆ ಆದದ್ದಲ್ಲ. 1917ರಲ್ಲಿ ಅಮೆರಿಕದಲ್ಲೂ ಲಂಡನ್ನಿನಲ್ಲೂ ಓದಿ ಬಂದ ಬಾಬಾಸಾಹೇಬರು ಬರೋಡಾದಲ್ಲಿ ನೌಕರಿಗೆ ಸೇರಿದರು. ಕೆಲಸ ಇತ್ತು, ತಂಗಲು ಜಾಗ ಇರಲಿಲ್ಲ. ಜಾತಿ ಮರೆಮಾಡಿ ಪಾರ್ಸಿ ವಸತಿಗೃಹವೊಂದರ ಮಹಡಿಯಲ್ಲಿದ್ದರು. ಕತ್ತಲ ಹಾಲು, ಒಂದು ಲಾಟೀನು. ಹನ್ನೊಂದನೇ ದಿನ ಪಾರ್ಸಿಗಳು ದೊಣ್ಣೆ ಹಿಡಿದು ಬಂದರು. ಆವತ್ತು ಅವರು ಸಾರ್ವಜನಿಕ ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲು ಹತ್ತಿದರು. ಆಮೇಲೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಓದುಮನೆಯಲ್ಲಿ ದಿನಗಟ್ಟಲೆ ಕೂತರು. ಅಷ್ಟು ದೂರ ಹೋಗಿ ಸಿಕ್ಕ ಕುರ್ಚಿ ಅದು.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ, ಬೈಲಕುಪ್ಪೆ ಸಾಕಾಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಈ ಟಿಬೆಟನ್ ಕ್ಯಾಂಪು 1961ರಲ್ಲಿ ಶುರುವಾದದ್ದು. ನಮ್ಮ ಸರ್ಕಾರವೇ ಸಾವಿರಾರು ಎಕರೆ ಕೊಟ್ಟಿತು. ಕೊಟ್ಟದ್ದು ಸರಿ. ನಮ್ಮವರಿಗೂ ಹಾಗೆ ಕೊಟ್ಟಿದ್ದರೆ ಅನ್ನೋದು ಬೇರೆ ಮಾತು. ಅಲ್ಲಿಯ ಒಂದು ಸಣ್ಣ ಹೋಟೆಲಿನಲ್ಲಿ ಒಂದು ಪ್ಲೇಟ್ ಮೊಮೊ ತಗಂಡು ಬೆಳಿಗ್ಗೆಯಿಂದ ಸಂಜೆವರೆಗೂ ಕೂತಿದ್ದೆವು. ಆ ತಾಯಿ ಪ್ಲಗ್ಗು ತೋರಿಸಿದರು. ಟೀ ಬೇಕಾ ಅಂತ ಕೇಳಿದರು. ಯಾವ ಬೀದಿ ಅಂತ ಕೇಳಲಿಲ್ಲ. ಊರು ಕಳಕೊಂಡು ಬಂದವರ ಅಂಗಡಿ ಅದು. ಆದರೂ ದಿನಾ ಹೋಗೋಕೆ ದೂರ. ಒಬ್ಬರ ಮೇಜನ್ನು ಎಷ್ಟು ದಿನ ಅಂತ ಹಿಡ್ಕೊಂಡು ಕೂರೋದು?

ಕೆ.ಆರ್. ನಗರದಲ್ಲಿ ರೈಲ್ವೆ ಸ್ಟೇಷನ್ನಿದೆ, ಬೆಂಚಿದೆ, ನೆರಳಿದೆ. ಕತ್ತಲಾದ ಮೇಲೆ ಹುಡುಗಿ ಒಬ್ಬಳೇ ಅಲ್ಲಿ ಕೂರೋ ಹಂಗಿಲ್ಲ. 1924ರ ಪ್ರವಾಹದಲ್ಲಿ ಕಾವೇರಿ ಎಡತೊರೆಗೆ ನುಗ್ಗಿದ ಮೇಲೆ ಅಗಲ ರಸ್ತೆ ಎಳೆದು ಕಟ್ಟಿದ ಊರು ಅದು. ಜಾಗ ಕೊಡಬೇಕು ಅಂತ ಮನಸ್ಸಾದರೆ ಊರನ್ನೇ ಕಟ್ಟಬಹುದು ನೋಡಿ.

ಕೋಟೆ ಗೆಳೆಯನ ಪಾಡು ಬೇರೆ. ಸಿಗ್ನಲ್ಲಿಗಾಗಿ ಕೆರೆ ಏರಿ ಹತ್ತಬೇಕು, ಬೈಗಾದರೆ ಆನೆ ಭಯ. ಅತ್ತ ಕಬಿನಿ ಹಿನ್ನೀರಿನ ದಡದ ರೆಸಾರ್ಟುಗಳಲ್ಲಿ ಪಟ್ಟಣದವರು ಕಾಡು ನೋಡುತ್ತಾ ಲ್ಯಾಪ್‌ಟಾಪು ಕುಟ್ಟುತ್ತಾರೆ. ಆ ಕಾಡಿನಿಂದ ಎದ್ದು ಬಂದ ಜೇನುಕುರುಬರ ಮಕ್ಕಳು ಹಾಡಿಯಲ್ಲಿ ಮೊಬೈಲನ್ನು ಮರದ ಕೊಂಬೆಗೆ ಸಿಕ್ಕಿಸಿ ಗೆರೆ ಎಣಿಸುತ್ತಾರೆ.

ಲೈಬ್ರರಿ ಇಲ್ಲವಾ ಅಂತೀರಿ. ಇದೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ಕಂದಾಯದ ಜೊತೆ ನೂರಕ್ಕೆ 6ರಂತೆ ಕರ ಕಟ್ತೀವಿ, ಅಂದರೆ ಆ ಕುರ್ಚಿಗೆ ನಮ್ಮ ದುಡ್ಡೂ ಬಿದ್ದಿದೆ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದು ಈಗ ಅರಿವು ಕೇಂದ್ರ ಆಗಿವೆ. ನಾವು ಹೋದ ಕಡೆ ಪೊಲೀಸು, ಪಿಡಿಓ ಪರೀಕ್ಷೆಗೆ ಓದುವವರು ಬಾಗಿಲು ತೆಗೆಯುವ ಮುಂಚೆಯೇ ಸಾಲು ನಿಂತಿದ್ದರು. ಅವರೂ ನಮ್ಮಂಥವರೇ. ಅವರ ಕುರ್ಚಿ ಕಿತ್ತು ಕೂರೋಕೆ ಮನಸ್ಸಾಗಲಿಲ್ಲ.

ಕೊನೆಗೆ ಕಣ್ಣಿಗೆ ಬಿದ್ದದ್ದು ಹುಣಸೂರು ಕಡೆಯ ನಮ್ಮದೇ ಕೇರಿಯ ಅಂಬೇಡ್ಕರ್ ಭವನ. ಏಪ್ರಿಲ್ 14ಕ್ಕೆ ಸುಣ್ಣ, ಡಿಸೆಂಬರ್ 6ಕ್ಕೆ ಹಾರ, ಮಿಕ್ಕಂತೆ ಬೀಗ. ಬೀಗದ ಕೈ ಕೇಳಿದರೆ ತಕರಾರು ಬಂದದ್ದು ಮೇಲಿನ ಬೀದಿಯಿಂದಲ್ಲ, ನಮ್ಮ ಯಜಮಾನರಿಂದಲೇ.

"ಮದುವೆಗೆ ಬೇಕು ಕನ್ರಲಾ. ಅದೂ ಅಲ್ದೆ ಗಂಡು ಹೆಣ್ಣು ಒಂದ್ಕಡೆ ಕುಂತ್ಕಂಡು ಅದೇನ್ ಕೆಲ್ಸ?"

ಬಚ್ಚಲ ಗೋಡೆಗೆ ಒರಗಿ ದುಡಿದ ಆ ಹುಡುಗಿ ಎದ್ದು ನಿಂತಳು. "ದೊಡ್ಡಪ್ಪ, ವರ್ಷಕ್ಕೆ ಎಷ್ಟು ಮದುವೆ ಆಯ್ತವೆ? ಹತ್ತು. ಮಿಕ್ಕ ದಿನ ಬೀಗಕ್ಕೂ ಬಾಗಿಲಿಗೂ ಮದುವೆನಾ? ಒಳಗೆ ಕುಂತಿರೋರು ಓದೋಕೆ ಜಾಗ ಇಲ್ದೆ ಅಲೆದೋರು. ಅವರ ಮುಂದೆ ನಾವು ಓದಬಾರ್ದಾ?"

ಯಜಮಾನರು ಸುಮ್ಮನೆ ಬೀಡಿ ಹಚ್ಚಿದರು. ಮೂರು ದಿನ ಬಿಟ್ಟು ಬೀಗದ ಕೈ ಅವಳ ಮನೆಗೇ ಬಂತು. ಕಸ ನಾವೇ ಗುಡಿಸಬೇಕು, ಮದುವೆಯಿದ್ದರೆ ಎರಡು ದಿನ ಮುಂಚೆ ಬಿಡಬೇಕು, ಸಂಜೆ ಆರಕ್ಕೆ ಕೇರಿ ಮಕ್ಕಳಿಗೆ ಪಾಠ ಹೇಳಬೇಕು. ಒಪ್ಪಿದೆವು.

ಭವನದ ಕರೆಂಟು ಬಿಲ್ ಬಾಕಿ ಬಿದ್ದು ಫ್ಯೂಸು ಕಿತ್ತಿದ್ದಾರೆ. ಪಂಚಾಯ್ತಿಗೆ ಎರಡು ಅರ್ಜಿ ಕೊಟ್ಟಿದ್ದೀವಿ, ಮೂರನೆಯದಕ್ಕೆ ಸಹಿ ಹಾಕಿಸ್ತಾ ಇದ್ದೀವಿ. ಸದ್ಯಕ್ಕೆ ಪಕ್ಕದ ಮನೆಯಿಂದ ವೈರು ಎಳೆದು ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ. ಸಂಜೆ ಮಕ್ಕಳು ಇಪ್ಪತ್ತು ಜನ ಬರ್ತಾರೆ, ಮೇಜು ಎರಡೇ. ಹಳೇ ಮೇಜು, ಬೆಂಚು ಇದ್ದವರು ಹೇಳಿ ಕಳಿಸಿ. ಗಾಡಿ ನಾವೇ ತರ್ತೀವಿ.