ಚೀಟಿಯ ಮೇಲೆ ಒಬ್ಬರ ಹೆಸರು

ನಮ್ಮ ಕಡೆ ಯಾರಾದರೂ ಉಮ್ರಾಕ್ಕೆ ಹೊರಟರು ಅಥವಾ ಗಲ್ಫ್‌ನಲ್ಲಿರುವ ಮಗನ ಮನೆಗೆ ಹೊರಟರು ಎಂದರೆ ಎಂಟು ದಿನ ಮೊದಲೇ ಅವರ ಪಡಸಾಲೆ ತುಂಬತೊಡಗುತ್ತದೆ. ಹಾವೇರಿಯ ನಂಟರು ಏಲಕ್ಕಿ ಹಾರ ತರುತ್ತಾರೆ. ಬ್ಯಾಡಗಿಯಿಂದ ಒಣಮೆಣಸಿನಕಾಯಿ ಬರುತ್ತದೆ. ರಾಣೆಬೆನ್ನೂರಿನ ಬೀಗರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಾರೆ. ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತು, "ಆಪಾ, ನಮ್ಮ ಹುಡುಗನೂ ಅಲ್ಲೇ ಅದಾನ್ರೀ, ಇದೊಂದು ಸಣ್ಣ ಗಂಟು ಅವನಿಗೆ ಮುಟ್ಟಿಸ್ರಿ" ಎನ್ನುತ್ತಾರೆ. ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಒಂದೊಂದು ಗಂಟೂ ಕಾಲು ಕಿಲೋ, ಅರ್ಧ ಕಿಲೋ ಅಷ್ಟೆ. ಆದರೆ ವಿಮಾನ ನಿಲ್ದಾಣದಲ್ಲಿ ಬ್ಯಾಗಿಗೆ ಅಂಟಿಸುವ ಚೀಟಿಯ ಮೇಲೆ ಬರೆಯುವುದು ಒಬ್ಬರ ಹೆಸರನ್ನು ಮಾತ್ರ. ಒಳಗೆ ಇಡೀ ಓಣಿ ಇರುತ್ತದೆ. ತೂಕ ಹೆಚ್ಚಾದರೆ ದುಡ್ಡು ಕಟ್ಟುವವರು, ತರಬಾರದ್ದು ಸಿಕ್ಕರೆ ಉತ್ತರ ಕೊಡುವವರು, ಬ್ಯಾಗು ಬಾರದಿದ್ದರೆ ಅಲೆಯುವವರು ಆ ಒಬ್ಬರೇ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ಹಳಿಯ ಮೇಲಿನ ಊರುಗಳು. ನಮಗೆ ಪ್ರಯಾಣವೆಂದರೆ ಮೊದಲಿನಿಂದಲೂ ರೈಲು. ಸ್ಲೀಪರ್ ದರ್ಜೆಯಲ್ಲಿ ಒಬ್ಬರಿಗೆ 40 ಕಿಲೋ ಸಾಮಾನು ಉಚಿತ. ಅದನ್ನೂ ಸಾಮಾನ್ಯವಾಗಿ ಯಾರೂ ತೂಗಿ ನೋಡುವುದಿಲ್ಲ. ಸೀಟಿನ ಕೆಳಗೆ ನೂಕಿದರೆ ಮುಗಿಯಿತು. ಈ ಮೂರೂ ಊರುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಹಾವೇರಿಯವರಿಗೆ ಹುಬ್ಬಳ್ಳಿ ಹತ್ತಿರ. ರಾಣೆಬೆನ್ನೂರಿನವರಿಗೆ 2023ರಿಂದ ಶಿವಮೊಗ್ಗದ ನಿಲ್ದಾಣವೂ ಸಿಕ್ಕಿದೆ. ಆದರೆ ಜಿದ್ದಾಕ್ಕೋ ದುಬೈಗೋ ಹೋಗಬೇಕಾದರೆ ಬೆಂಗಳೂರು, ಮುಂಬಯಿಯಂಥ ದೊಡ್ಡ ನಿಲ್ದಾಣದಲ್ಲಿ ವಿಮಾನ ಹತ್ತಬೇಕು. ರೈಲಿನ ಅಭ್ಯಾಸವನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲಿಗೆ ಹೋದವರಿಗೆ ಮೊದಲ ಪೆಟ್ಟು ತಕ್ಕಡಿಯ ಬಳಿ ಬೀಳುತ್ತದೆ.

ತೂಕದ ವಿಷಯವನ್ನು ಬ್ಯಾಡಗಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಡಬ್ಬಿ, ಕಡ್ಡಿ ಎಂಬ ಅದರ ತಳಿಗಳ ಚೀಲಗಳನ್ನು ಮಾರುಕಟ್ಟೆಯಲ್ಲಿ ತೂಗುವಾಗ ಒಂದು ಕಿಲೋ ಆಚೀಚೆಯಾದರೆ ಅಲ್ಲೇ ಮಾತು ಏಳುತ್ತದೆ. ಅದೇ ಮನೆಯ ಹೆಣ್ಣುಮಕ್ಕಳು ವಿಮಾನದ ಬ್ಯಾಗನ್ನು ಮಾತ್ರ ಕೈಯಲ್ಲೆತ್ತಿ, "ಇಪ್ಪತ್ತೇ ಇರಬೇಕು ಬಿಡು" ಎನ್ನುತ್ತಾರೆ. ಒಣಮೆಣಸಿನಕಾಯಿ ಜಾಗ ತಿನ್ನುತ್ತದೆ, ಭಾರವಿರುವುದಿಲ್ಲ. ಅದನ್ನೇ ಕುಟ್ಟಿಸಿ ಪುಡಿ ಮಾಡಿದರೆ ಜಾಗ ಉಳಿಯುತ್ತದೆ. ಉಳಿದ ಜಾಗಕ್ಕೆ ಇನ್ನೊಂದು ಗಂಟು ಸೇರುತ್ತದೆ. ತೂಕ ಮೀರುವುದು ಹೀಗೆ.

ಟಿಕೆಟ್ಟಿನಲ್ಲಿ ಸಾಮಾನಿನ ಲೆಕ್ಕ ಎರಡು ಬಗೆಯಲ್ಲಿರುತ್ತದೆ. ಕೆಲವು ಸಂಸ್ಥೆಗಳು ಇಷ್ಟು ಕಿಲೋ ಎನ್ನುತ್ತವೆ, ಕೆಲವು ಇಷ್ಟು ಬ್ಯಾಗು ಎನ್ನುತ್ತವೆ. ಒಂದು ಬ್ಯಾಗು 23 ಕಿಲೋ ಎಂದಿದ್ದರೆ 12 ಮತ್ತು 11 ಕಿಲೋದ ಎರಡು ಬ್ಯಾಗು ಒಯ್ದು ವಾದ ಮಾಡಿ ಉಪಯೋಗವಿಲ್ಲ, ಎರಡನೆಯದಕ್ಕೆ ಹಣ ಕೇಳುತ್ತಾರೆ. ಎಷ್ಟೇ ಹಣ ಕಟ್ಟುತ್ತೇನೆಂದರೂ 32 ಕಿಲೋಕ್ಕಿಂತ ಭಾರದ ಒಂಟಿ ಬ್ಯಾಗನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅದನ್ನು ಎತ್ತಿ ಹಾಕುವ ಕೂಲಿಕಾರರ ಬೆನ್ನಿನ ಸಲುವಾಗಿ ಮಾಡಿದ ನಿಯಮವದು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ, ಕೈಚೀಲಕ್ಕೆ 7 ಕಿಲೋ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಜಿದ್ದಾಕ್ಕೆ ಬೇರೆಯೇ ಟಿಕೆಟ್ ಮಾಡಿಸಿದವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಎರಡನೆಯ ವಿಮಾನದಲ್ಲಿ 30 ಕಿಲೋ ಇದ್ದರೂ ಮೊದಲನೆಯದರಲ್ಲಿ 15 ಮಾತ್ರ ಇರಬಹುದು.

ಇನ್ನು ಒಳಗೆ ಏನಿದೆ ಎಂಬ ವಿಚಾರ. ಖಾರದ ಪುಡಿ, ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಅವನ್ನು ದೊಡ್ಡ ಬ್ಯಾಗಿನಲ್ಲೇ ಹಾಕಬೇಕು. ಮೊಬೈಲಿನ ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ. ಅದು ಕೈಚೀಲದಲ್ಲೇ ಇರಬೇಕು, ಏಕೆಂದರೆ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸಲು ಕಣ್ಣೆದುರಿಗೆ ಇರಬೇಕು. ಒಣಕೊಬ್ಬರಿಯನ್ನು ಎಲ್ಲಿಯೂ ಇಡುವಂತಿಲ್ಲ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಕಾವೇರಿ ಉರಿಯಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಗಸಗಸೆ. ನಮ್ಮ ಅಡುಗೆಮನೆಯಲ್ಲಿ ಅದು ಮಸಾಲೆ, ಪಾಯಸದ ಸಾಮಾನು. ಸೌದಿ ಅರೇಬಿಯದಲ್ಲಿ, ಯುಎಇಯಲ್ಲಿ ಅದು ನಿಷಿದ್ಧ. ಅಫೀಮಿನ ಗಿಡದ ಬೀಜವಾದ್ದರಿಂದ ಅಲ್ಲಿನ ಕಾನೂನು ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತದೆ. ಸೊಸೆಗೆಂದು ಅತ್ತೆ ಪ್ರೀತಿಯಿಂದ ಕಟ್ಟಿಕೊಟ್ಟ ಒಂದು ಪೊಟ್ಟಣ ಮಗನನ್ನು ಜೈಲಿನ ಬಾಗಿಲಿಗೆ ಒಯ್ಯಬಹುದು. ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಲ್ಲೂ ಕೆಲವು ಅಲ್ಲಿ ನಿರ್ಬಂಧಕ್ಕೊಳಗಾಗಿವೆ. ವೈದ್ಯರ ಚೀಟಿಯಿಲ್ಲದೆ ಔಷಧಿ ಒಯ್ಯಬಾರದು.

ಕಟ್ಟುವ ರೀತಿಯಲ್ಲೂ ಎಚ್ಚರ ಬೇಕು. ಹಿರಿಯರು ಚಾದರದಲ್ಲಿ ಗಂಟು ಕಟ್ಟಿ, ಮೇಲೆ ಹಗ್ಗ ಬಿಗಿದರೆ ಮಾತ್ರ ಸಾಮಾನು ಭದ್ರ ಎಂದು ನಂಬಿದವರು. ಜಿದ್ದಾ ನಿಲ್ದಾಣದಲ್ಲಿ ಹಗ್ಗ ಬಿಗಿದ ಬ್ಯಾಗು, ಬಟ್ಟೆಯ ಗಂಟು, ದುಂಡನೆಯ ಮೂಟೆ ಇವನ್ನು ತೆಗೆದುಕೊಳ್ಳುವುದಿಲ್ಲ. ಸಾಮಾನು ಸಾಗುವ ಪಟ್ಟಿಯಲ್ಲಿ ಹಗ್ಗ ಸಿಕ್ಕಿಕೊಳ್ಳುತ್ತದೆ, ದುಂಡನೆಯದು ಉರುಳಿ ಬೀಳುತ್ತದೆ. ಝಮ್‌ಝಮ್ ನೀರನ್ನು ಬಾಟಲಿಗಳಲ್ಲಿ ತುಂಬಿ ಬ್ಯಾಗಿನೊಳಗೆ ಅಡಗಿಸಿಡುವುದನ್ನೂ ಅಲ್ಲಿನ ಅಧಿಕಾರಿಗಳು 2022ರಲ್ಲಿ ನಿಷೇಧಿಸಿದರು. ಡಬ್ಬದಲ್ಲಿ ಪ್ಯಾಕ್ ಮಾಡಿದ 5 ಲೀಟರಿನ ಕ್ಯಾನನ್ನು ಬೇರೆಯಾಗಿಯೇ ಕೊಡಬೇಕು.

ಎಲ್ಲ ನಿಯಮ ಪಾಲಿಸಿದವರಿಗೂ ತೊಂದರೆ ತಪ್ಪುವುದಿಲ್ಲ. ರಾಣೆಬೆನ್ನೂರಿನ ನಮ್ಮ ಖಾಲಾ ಉಮ್ರಾ ಮುಗಿಸಿ ಜಿದ್ದಾದಿಂದ ಮುಂಬಯಿ ಮಾರ್ಗವಾಗಿ ಹುಬ್ಬಳ್ಳಿಗೆ ಬಂದರು. ಒಂದೇ ಟಿಕೆಟ್. "ಬ್ಯಾಗು ನೇರ ಹುಬ್ಬಳ್ಳಿಗೇ ಬರುತ್ತದೆ, ಚಿಂತೆ ಬೇಡ" ಎಂದು ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಹೇಳಿದ್ದರು. ಚೀಟಿಯಲ್ಲೂ ಹುಬ್ಬಳ್ಳಿಯ ಸಂಕೇತವಾದ ಎಚ್‌ಬಿಎಕ್ಸ್ ಎಂದೇ ಇತ್ತು. ಹುಬ್ಬಳ್ಳಿಯಲ್ಲಿ ಪಟ್ಟಿ ತಿರುಗಿ ತಿರುಗಿ ನಿಂತುಹೋಯಿತು, ಖಾಲಾರ ಬ್ಯಾಗು ಬರಲೇ ಇಲ್ಲ. ವಿದೇಶದಿಂದ ಬಂದ ಸಾಮಾನನ್ನು ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ವಿಮಾನದವರ ಕೈಗೆ ಒಪ್ಪಿಸಬೇಕಿತ್ತು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಖಾಲಾ ಅತ್ತಿದ್ದು ತಮ್ಮ ಬಟ್ಟೆಗಳಿಗಾಗಿ ಅಲ್ಲ. "ಓಣಿಯವರಿಗೆಲ್ಲ ಖರ್ಜೂರ, ತಸ್ಬೀಹ್ ತಂದಿದ್ದೆ. ನಾಳೆ ಮುಬಾರಕ್ ಹೇಳಲು ಬರುವವರಿಗೆ ಕೈಯಲ್ಲಿ ಏನಿಡಲಿ?" ಎಂದರು. ಜೊತೆಗಿದ್ದ ಮಗ ನಿಲ್ದಾಣ ಬಿಡುವ ಮುಂಚೆಯೇ ಲಿಖಿತ ದೂರು ಕೊಟ್ಟ. ವಿಮಾನದವರ ಭಾಷೆಯಲ್ಲಿ ಅದಕ್ಕೆ ಪಿಐಆರ್ ಎನ್ನುತ್ತಾರೆ. ಅದರ ಸಂಖ್ಯೆ ಕೈಯಲ್ಲಿದ್ದುದರಿಂದ ಐದನೆಯ ದಿನ ಬ್ಯಾಗು ಮನೆಗೆ ಬಂತು. ಒಂದು ಗಾಲಿ ಮುರಿದಿತ್ತು, ಖರ್ಜೂರ ಮಾತ್ರ ಹಾಗೇ ಇತ್ತು.

ಈ ಕಾಗದದ ಬಲ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಬೇಕು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದವಿದೆ. ಭಾರತ ಅದಕ್ಕೆ 2009ರಲ್ಲಿ ಸೇರಿತು. ಬ್ಯಾಗು ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿದ್ದರೆ ಕೈಗೆ ಬಂದ 21 ದಿನದೊಳಗೆ ಬರವಣಿಗೆಯಲ್ಲಿ ದೂರಬೇಕು. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋದಂತೆಯೇ ಎಂದು ಪರಿಹಾರ ಕೇಳಬಹುದು. ಪರಿಹಾರದ ಮಿತಿಯನ್ನು 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್‌ಗೆ ಏರಿಸಲಾಗಿದೆ. ಇದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಮೇಲಾಗುತ್ತದೆ. ಅಷ್ಟೂ ತಾನಾಗಿ ಸಿಗುವುದಿಲ್ಲ, ಆದ ನಷ್ಟವನ್ನು ತೋರಿಸಬೇಕು. ದೇಶದೊಳಗಿನ ಪ್ರಯಾಣಕ್ಕೆ 2019ರ ಪ್ರಯಾಣಿಕರ ಸನ್ನದು 20,000 ರೂಪಾಯಿಯ ಮಿತಿ ಹೇಳುತ್ತದೆ. ಆದ್ದರಿಂದ ಬಂಗಾರ, ಹಣ, ಪಾಸ್‌ಪೋರ್ಟು, ಔಷಧಿ ಎಂದಿಗೂ ದೊಡ್ಡ ಬ್ಯಾಗಿನಲ್ಲಿ ಇಡಬಾರದು. ಮುಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಒಳಗೆ ಏನಿತ್ತೆಂದು ಹೇಳಲು ಸುಲಭ.

ದೂರಿದರೆ ಏನಾಗುತ್ತದೆ ಎನ್ನುವವರೂ ಇದ್ದಾರೆ. ಬ್ಯಾಗು ತಡವಾಗಿ ಬರುತ್ತದೆಂಬ ದೂರುಗಳು ಹೆಚ್ಚಾದ ಮೇಲೆ, ವಿಮಾನ ಇಳಿದ ಬಳಿಕ ಕೊನೆಯ ಬ್ಯಾಗೂ 30 ನಿಮಿಷದೊಳಗೆ ಪ್ರಯಾಣಿಕರ ಕೈಸೇರಬೇಕೆಂದು 2024ರ ಫೆಬ್ರವರಿಯಲ್ಲಿ ಕೇಂದ್ರದ ವಿಮಾನಯಾನ ಭದ್ರತಾ ಬ್ಯೂರೋ ಏಳು ಸಂಸ್ಥೆಗಳಿಗೆ ಆದೇಶಿಸಿತು. ಬಾಯಿ ಬಿಟ್ಟವರಿಂದಲೇ ಅದು ಸಾಧ್ಯವಾಯಿತು.

ಇಷ್ಟಾದರೂ ಓಣಿಯ ಗಂಟುಗಳ ಪ್ರಶ್ನೆ ಉಳಿಯುತ್ತದೆ. ಬೇರೆಯವರ ವಸ್ತುವನ್ನು ಮುಟ್ಟಿಸುವುದು ಅಮಾನತ್. ಅಮಾನತ್ ಎಂದರೆ ಕಣ್ಣು ಮುಚ್ಚಿ ಹೊರುವುದು ಎಂದರ್ಥವಲ್ಲ. ಏನಿದೆಯೆಂದು ಗೊತ್ತಿಲ್ಲದ್ದನ್ನು ಕಾಪಾಡುವುದಾದರೂ ಹೇಗೆ? ಗಂಟನ್ನು ಕೊಟ್ಟವರ ಮುಂದೆಯೇ ಬಿಚ್ಚಿ ನೋಡುವುದು ಅನುಮಾನವಲ್ಲ, ಜವಾಬ್ದಾರಿ. ಕೊಡುವವರೇ ಹೊಲಿಯದೆ, ಬಿಗಿಯದೆ ತೆರೆದೇ ತಂದರೆ ಕೇಳುವ ಮುಜುಗರವೂ ಉಳಿಯುವುದಿಲ್ಲ.

ನಮ್ಮ ಬೀದಿಯಲ್ಲಿ ಈಗ ಒಂದು ಹೊಸ ರೂಢಿ ಬಂದಿದೆ. ಕೈಯಲ್ಲಿ ಹಿಡಿದು ತೂಗುವ ಒಂದು ಸಣ್ಣ ತೂಕದ ಯಂತ್ರವನ್ನು ನಾಲ್ಕು ಮನೆಯವರು ಸೇರಿ ಕೊಂಡಿದ್ದಾರೆ. ಯಾರು ಹೊರಟರೂ ಅದು ಅವರ ಮನೆಗೆ ಹೋಗುತ್ತದೆ. ಹೋದ ತಿಂಗಳು ಪಕ್ಕದ ಮನೆಯ ಅಕ್ಕ ಮಗನಿಗೆಂದು ಮಸಾಲೆ ತಂದರು. ಡಬ್ಬಿಯ ಮುಚ್ಚಳ ತೆಗೆದು ತೋರಿಸಿ, "ಅರ್ಧ ಕಿಲೋ ಐತ್ರೀ, ತೂಗಿ ನೋಡ್ರಿ. ಗಸಗಸಿ ಹಾಕಿಲ್ಲ" ಎಂದರು.