ಎಡಗಡೆ ಪೆಡಲ್ ಉಲ್ಟಾ ತಿರುಗುತ್ತೆ

ಅಪ್ಪನ ಸೈಕಲ್ ಶಾಪಿನಲ್ಲಿ ನನ್ನ ಮೊದಲ ದಿನ. ಕೊಟ್ಟ ಮೊದಲ ಕೆಲಸ, ಒಂದು ಹಳೇ ಅಟ್ಲಾಸ್ ಸೈಕಲ್ಲಿನ ಪೆಡಲ್ ಬಿಚ್ಚೋದು. ಬಲಗಡೆಯದು ಎರಡು ನಿಮಿಷದಲ್ಲಿ ಬಂತು. ಎಡಗಡೆಯದು ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಒತ್ತಿದೆ, ಅದರ ಮೇಲೆ ಹತ್ತಿ ನಿಂತೆ, ಬೆವರು ಕಿತ್ತುಕೊಂಡು ಬಂತು. ಪಕ್ಕದಲ್ಲೇ ಪಂಕ್ಚರ್ ಹಾಕುತ್ತ ಕೂತಿದ್ದ ಅಪ್ಪ ಹತ್ತು ನಿಮಿಷ ನೋಡಿ, "ಮೆಕ್ಯಾನಿಕಲ್ ಇಂಜಿನಿಯರ್ ಮೇಡಂ, ಎಡಗಡೆ ಪೆಡಲ್ ಉಲ್ಟಾ ತಿರುಗುತ್ತೆ ಕಣಮ್ಮ. ನೀನು ಇಷ್ಟೊತ್ತೂ ಟೈಟ್ ಮಾಡ್ತಿದ್ದೀಯ" ಅಂದ.

ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಇನ್ನೂ ನಾಲ್ಕು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಬಂದವಳಿಗೆ ಇದು ಗೊತ್ತಿರಲಿಲ್ಲ. ಎಡಗಡೆಗೂ ಮಾಮೂಲಿ ಥ್ರೆಡ್ಡೇ ಇದ್ದಿದ್ದರೆ ತುಳಿಯುತ್ತಾ ತುಳಿಯುತ್ತಾ ಪೆಡಲ್ ತಾನಾಗಿ ಸಡಿಲವಾಗಿ ಬಿಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ಈ ಸಾಹಸ ಮಾಡುವವರು ಇಷ್ಟು ನೆನಪಿಟ್ಟುಕೊಳ್ಳಿ: ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರಲಿ, ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎರಡೂ ಕಡೆಯ ಪೆಡಲ್ ಬಿಚ್ಚಿಕೊಳ್ಳುತ್ತೆ.

ನಮ್ಮ ಅಂಗಡಿ ಇರೋದು ಮೈಸೂರಿನ ಅಗ್ರಹಾರದ ಒಂದು ಅಡ್ಡರಸ್ತೆಯಲ್ಲಿ. ತಾತನ ಕಾಲದಲ್ಲಿ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಸುತ್ತಮುತ್ತಲ ಎಷ್ಟೋ ಮಕ್ಕಳು ಒಳಪೆಡಲ್ ಹೊಡೆದು ಮಂಡಿ ತರಚಿಕೊಂಡಿದ್ದು ನಮ್ಮ ಸೈಕಲ್ಲುಗಳಲ್ಲೇ. 2017ರಲ್ಲಿ ಊರಿಗೆ ಟ್ರಿಣ್ ಟ್ರಿಣ್ ಬಂದಾಗ ಅಪ್ಪ, "ತಾತ ಇದ್ದಿದ್ರೆ ನಮ್ಮ ಅಂಗಡೀನೇ ಕಾರ್ಪೊರೇಷನ್‌ನೋರು ಕಾಪಿ ಹೊಡೆದ್ರು ಅನ್ನೋರು" ಅಂತ ನಗಾಡಿದ್ದ.

2020ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಮನೆಗೆ ಬಂದವಳು ಸಂಜೆ ಹೊತ್ತು ಅಂಗಡಿಯಲ್ಲಿ ಕೂರತೊಡಗಿದೆ. ಎರಡು ವರ್ಷ ಕಳೆದು ಆಫೀಸಿನವರು ವಾಪಸ್ ಕರೆದಾಗ ನಾನು ಹೋಗಲಿಲ್ಲ. ಅಮ್ಮ ಒಂದು ವಾರ ಮಾತು ಬಿಟ್ಟಳು.

ಈಗ ನಮ್ಮ ಬೋರ್ಡಿನಲ್ಲಿ "ಅಳತೆಗೆ ತಕ್ಕಂತೆ ಸೈಕಲ್ ಮಾಡಿಕೊಡಲಾಗುವುದು" ಅಂತ ಇದೆ. ಬರೆಸಿದ್ದು ನಾನು. ಆದರೆ ಆ ಕೆಲಸವನ್ನು ಅಪ್ಪ ಮೂವತ್ತು ವರ್ಷದಿಂದ ಮಾಡುತ್ತಲೇ ಇದ್ದ. ಹೂವಿನವರಿಗೆ ಬುಟ್ಟಿ ಕೂರುವಂಥ ಅಗಲದ ಕ್ಯಾರಿಯರ್, ಸಾಣೆ ಹಿಡಿಯುವವರಿಗೆ ಸ್ಟ್ಯಾಂಡ್ ಹಾಕಿ ತುಳಿದರೆ ಕಲ್ಲು ತಿರುಗುವ ಏರ್ಪಾಡು, ಕಾಲಿಲ್ಲದ ಒಬ್ಬರಿಗೆ ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿ. ಇದಕ್ಕೆಲ್ಲ 'ಕಸ್ಟಮ್' ಅಂತಾರೆ ಅಂತ ನಾನು ಹೇಳಿದಾಗ, "ಹಾಗಂದ್ರೆ ಜಾಸ್ತಿ ದುಡ್ಡು ಕೇಳ್ಬೋದಾ?" ಅಂತ ಕೇಳಿದ.

ಇನ್‌ಸ್ಟಾಗ್ರಾಂನಲ್ಲಿ ಕಾಣೋ ಹಾಗೆ ದಿನವಿಡೀ ಬೆಂಕಿ, ಕಿಡಿ ಅಂತ ಇರಲ್ಲ ನಮ್ಮ ಕೆಲಸ. ಬೆಳಗ್ಗೆ ಶಟರ್ ಎತ್ತಿ, ಗುಡಿಸಿ, ಚಾಮುಂಡಿ ಫೋಟೋಗೆ ಊದಿನಕಡ್ಡಿ ಹಚ್ಚೋ ಹೊತ್ತಿಗೆ ಸ್ಕೂಲ್ ಮಕ್ಕಳು ಗಾಳಿ ಹೊಡಿಸೋಕೆ ನಿಂತಿರುತ್ತವೆ. ಆಮೇಲೆ ಪಂಕ್ಚರ್, ಬ್ರೇಕು, ಚೈನು. ಭಾನುವಾರ ಬೆಳಗ್ಗೆ ಬೆಟ್ಟ ಹತ್ತಿ ಇಳಿದು ಬರುವ ಸಾಫ್ಟ್‌ವೇರಿನವರ ಗೇರ್ ಸೈಕಲ್ಲುಗಳು. ಬಾಡಿಗೆ ಕಟ್ಟೋದು ಈ ಕೆಲಸಗಳು. ಪೂರ್ತಿ ನಾವೇ ಫ್ರೇಮ್ ಕಟ್ಟಿ ಕೊಡೋ ಸೈಕಲ್ ವರ್ಷಕ್ಕೆ ಐದೋ ಆರೋ ಅಷ್ಟೇ.

ಚಕ್ರದ ಬೆಂಡ್ ತೆಗೆಯುವಾಗ ಅಪ್ಪ ಕಡ್ಡಿಗಳನ್ನು ವೀಣೆ ತಂತಿಯ ಹಾಗೆ ಮೀಟುತ್ತಾನೆ. ಒಂದೇ ಪಕ್ಕದ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಕೊಟ್ಟರೆ ಬಿಗಿ ಸಮ ಇದೆ ಅಂತ ಅರ್ಥ. 'ಟೊಂಯ್' ಅನ್ನಬೇಕಾದ ಕಡೆ 'ಟಪ್' ಅಂದರೆ ಆ ನಿಪ್ಪಲ್ಲಿಗೆ ಅರ್ಧ ಸುತ್ತು. ನಾನು ಅದಕ್ಕೊಂದು ಮೀಟರ್ ತರಿಸಿದ್ದೀನಿ. ಮೀಟರೂ ಅಪ್ಪನೂ ಬಹುತೇಕ ಒಂದೇ ಮಾತು ಹೇಳುತ್ತಾರೆ.

ಅಪ್ಪನ ಕೈಲಿ ಆಗದೇ ಇದ್ದಿದ್ದು ಒಂದೇ ಒಂದು. ಹೆಂಗಸರ ಅಳತೆ. ಸೈಕಲ್ ಅಳತೆಗೆ ಮುಖ್ಯವಾದದ್ದು ಎತ್ತರಕ್ಕಿಂತ ಹೆಚ್ಚಾಗಿ ಒಳಗಾಲಿನ ಉದ್ದ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಒಂದು ದಪ್ಪ ಪುಸ್ತಕ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪ್ ಬಿಡಬೇಕು. ರಸ್ತೆ ಬದಿಯ ಅಂಗಡಿಯಲ್ಲಿ ಯಾವ ಹೆಂಗಸಿಗೆ ಅಪ್ಪ ಹೀಗೆ ಹೇಳಿಯಾನು? ಸಂಕೋಚಪಟ್ಟುಕೊಂಡು, "ಲೇಡೀಸ್ ಸೈಕಲ್ ತಗೊಳ್ಳಿ ಮೇಡಂ, ಸರಿಹೋಗುತ್ತೆ" ಅಂತ ಕಳಿಸಿಬಿಡುತ್ತಿದ್ದ. ಈಗ ಗೋಡೌನಿನ ಬಾಗಿಲಿಗೆ ಒಂದು ಪರದೆ ಕಟ್ಟಿದ್ದೀವಿ. ಅಲ್ಲಿ ನಾನು ಅಳತೆ ತಗೋತೀನಿ.

ಹೋದ ವರ್ಷ ಫೆಬ್ರವರಿಯಲ್ಲಿ ಆ ಪರದೆಯ ಹಿಂದೆ ಬಂದವರು ಒಬ್ಬ ಹೈಸ್ಕೂಲ್ ಟೀಚರ್. ಎತ್ತರ ನಾಲ್ಕು ಅಡಿ ಹತ್ತು ಇಂಚು. ಮನೆ ವಿದ್ಯಾರಣ್ಯಪುರದಲ್ಲಿ, ಶಾಲೆ ಸರಸ್ವತಿಪುರದಲ್ಲಿ. ಎರಡು ಸಲ ಸೈಕಲ್ ಕೊಂಡು ಎರಡನ್ನೂ ಮಾರಿದ್ದರು. ಒಂದು ಸಲ ಸರ್ಕಲ್ಲಿನಲ್ಲಿ ತಿರುಗಿಸಿಕೊಳ್ಳುವಾಗ ಬಿದ್ದು ಮಣಿಕಟ್ಟು ಮುರಿದಿತ್ತಂತೆ. "ನಂಗೆ ಸೈಕಲ್ ಆಗಿಬರಲ್ಲ ಅನ್ಸುತ್ತೆ. ಆದ್ರೂ ಒಂದು ಸಲ ನೋಡೋಣ ಅಂತ ಬಂದೆ" ಅಂದರು.

ಬಿದ್ದಿದ್ದು ಹೇಗೆ ಅಂತ ಕೇಳುತ್ತಾ ಹೋದ ಹಾಗೆ ನನಗೆ ಕಾರಣ ಹೊಳೆಯಿತು. ಗಿಡ್ಡ ಇರುವವರ ಫ್ರೇಮನ್ನು ಚಿಕ್ಕದು ಮಾಡುವ ಕಂಪನಿಗಳು ಎಷ್ಟೋ ಸಲ ಚಕ್ರವನ್ನು ಮಾತ್ರ ದೊಡ್ಡದೇ ಇಡುತ್ತವೆ. ಆಗ ಮುಂದಿನ ಚಕ್ರ ಪೆಡಲ್ಲಿಗೆ ತೀರಾ ಹತ್ತಿರ ಬರುತ್ತೆ. ನಿಧಾನಕ್ಕೆ ಹೋಗುತ್ತ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಚಪ್ಪಲಿಯ ತುದಿ ಟೈರಿಗೆ ತಗಲುತ್ತೆ. ಟೀಚರಿಗೆ ಸೈಕಲ್ ಚೆನ್ನಾಗಿಯೇ ಬರುತ್ತಿತ್ತು. ಅವರ ಅಳತೆಯ ಸೈಕಲ್ ಸಿಕ್ಕಿರಲಿಲ್ಲ ಅಷ್ಟೇ. ಇದನ್ನು ಹೇಳಿದಾಗ ಅವರು ಟೇಪು ಹಿಡಿದಿದ್ದ ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು.

700ಸಿ ಚಕ್ರ ಬಿಟ್ಟು 26 ಇಂಚಿನದು, 170 ಮಿಲಿಮೀಟರಿನ ಕ್ರ್ಯಾಂಕ್ ಬಿಟ್ಟು 152ರದು, ಪುಟ್ಟ ಬೆರಳಿಗೆ ಎಟುಕುವ ಬ್ರೇಕ್ ಲಿವರ್. ನಕ್ಷೆ ನನ್ನದು, ಬೆಸುಗೆಯೂ ನನ್ನದೇ. ಅಪ್ಪನ ಸಹಾಯ ಇಲ್ಲದೆ ನಾನು ಪೂರ್ತಿ ಮಾಡುತ್ತಿದ್ದ ಮೊದಲ ಫ್ರೇಮ್ ಅದು.

ನಮ್ಮದು ಹಿತ್ತಾಳೆ ಬೆಸುಗೆ. ಎರಡು ಪೈಪ್ ಸೇರುವ ಕಡೆ ಲಗ್ ಅನ್ನೋ ತೋಳು ಕೂರಿಸಿ, ಉಜ್ಜಿ ಬೆಳ್ಳಗೆ ಮಾಡಿ, ಫ್ಲಕ್ಸ್ ಹಚ್ಚಿ, ಗ್ಯಾಸಿನ ಉರಿಯಲ್ಲಿ ಕಿತ್ತಳೆ ಬಣ್ಣ ಬರುವವರೆಗೆ ಕಾಯಿಸಬೇಕು. ಶಾಖ ಎಲ್ಲಿದೆಯೋ ಕರಗಿದ ಹಿತ್ತಾಳೆ ಅಲ್ಲಿಗೆ ಹರಿಯುತ್ತೆ. ಒಂದು ಅಂಚಿನಲ್ಲಿ ಕೊಟ್ಟರೆ ಒಳಗೆಲ್ಲ ತುಂಬಿ ಇನ್ನೊಂದು ಅಂಚಿನಲ್ಲಿ ಚಿನ್ನದ ಗೆರೆಯಂತೆ ಇಣುಕಬೇಕು. ಕಾವು ಹೆಚ್ಚಾಗಿ ಫ್ಲಕ್ಸ್ ಸುಟ್ಟು ಕಪ್ಪಾಯಿತೋ, ಹಿತ್ತಾಳೆ ಆ ಕಡೆ ತಿರುಗಿಯೂ ನೋಡಲ್ಲ.

ಅವತ್ತು ಶುಕ್ರವಾರ. ಹ್ಯಾಂಡಲ್ ಕೂರುವ ಪೈಪಿನ ಕೆಳಗಿನ ಲಗ್ ಒಂದು ಬಾಕಿ ಇತ್ತು. ಸಂಜೆ ಏಳಕ್ಕೆ ಸೋದರತ್ತೆ ಗೊತ್ತುಮಾಡಿದ್ದ ಹುಡುಗನ ಕಡೆಯವರು ಬರೋರಿದ್ದರು. ಅಮ್ಮನಿಂದ ಆರಕ್ಕೆ ಒಂದು ಫೋನ್, ಆರೂಕಾಲಿಗೆ ಇನ್ನೊಂದು. ಉರಿ ಜೋರು ಮಾಡಿದೆ. ಗೆರೆ ಕೆಳಗಡೆ ಒಂದು ಕಡೆ ಇಣುಕಲೇ ಇಲ್ಲ. ಹೊರಗಿನಿಂದ ಒಂದಿಷ್ಟು ಹಿತ್ತಾಳೆ ಹಚ್ಚಿ, ಅರ ಹಾಕಿ ಉಜ್ಜಿದೆ. ನೋಡೋಕೆ ಚೆನ್ನಾಗೇ ಕಾಣಿಸಿತು. ಕೈ ತೊಳೆದು, ಸೀರೆ ಉಟ್ಟು, ಉಪ್ಪಿಟ್ಟು ಕೇಸರಿಬಾತು ಕೊಟ್ಟೆ. ಅವರಿಂದ ಉತ್ತರ ಬರಲಿಲ್ಲ, ಆ ಮಾತು ಬೇರೆ.

ಫ್ರೇಮ್ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಹೋಗಿ ಟೀಚರ್ ಆರಿಸಿದ್ದ ಮಾವಿನೆಲೆ ಹಸಿರು ಬಣ್ಣ ಹೊಡೆಸಿಕೊಂಡು ಬಂತು. ಒಂಬತ್ತು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಹಳೇ ಆಫೀಸಿನಲ್ಲಿ ಬಗ್ ಕಂಡರೂ ಡೆಡ್‌ಲೈನ್ ಬಂದರೆ, "ಮುಂದಿನ ರಿಲೀಸಲ್ಲಿ ನೋಡ್ಕೊಳ್ಳೋಣ" ಅನ್ನೋರು. ನಾನೂ ಎಷ್ಟೋ ಸಲ ಹೂಂ ಅಂದಿದ್ದೆ. ಆದರೆ ರಾತ್ರಿ ಮಲಗಿದರೆ ಆ ಒಂದಿಂಚು ಜಾಗ ಕಣ್ಣಿಗೆ ಬರುತ್ತಿತ್ತು. ಆ ಬೆಸುಗೆ ಬಿಟ್ಟರೆ ಮುಂಭಾಗ ಮಡಚಿಕೊಳ್ಳುತ್ತೆ. ಓಡಿಸುವವರು ಮುಖ ಅಡಿಯಾಗಿ ಬೀಳುತ್ತಾರೆ.

ಹತ್ತನೇ ದಿನ ಅಪ್ಪ ಚಕ್ರ ಮೀಟುತ್ತಾ ಕೂತಿದ್ದಾಗ ಹೇಳಿದೆ. ಅಪ್ಪನ ಕೈ ನಿಂತಿತು.

"ಎಷ್ಟು ಜಾಗ?"

"ಗೊತ್ತಿಲ್ಲ ಅಪ್ಪ. ಕೆಳಗಡೆ ಒಂದಿಂಚು ಇರ್ಬೋದು."

"ಟೀಚರ್ ಯಾವ ರೋಡಲ್ಲಿ ಹೋಗ್ತಾರೆ?"

"ಜೆಎಲ್‌ಬಿ ರೋಡ್ ದಾಟ್ಬೇಕು."

ಅಪ್ಪ ಎದ್ದು ಹ್ಯಾಕ್ಸಾ ತೆಗೆದು ನನ್ನ ಮುಂದೆ ಇಟ್ಟು, ಕಾಫಿ ಕುಡಿಯೋಕೆ ಎದುರಿನ ಹೋಟೆಲ್ಲಿಗೆ ಹೋದ.

ಹೊಸ ಬಣ್ಣದ ಮೇಲೆ ಗರಗಸ ಇಡೋಕೆ ಕೈ ಬರಲ್ಲ ಕಣ್ರೀ. ಕೊಯ್ದೆ. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಜಾಗ ಇದ್ದಿಲಿನಂತೆ ಕಪ್ಪಗಿತ್ತು. ವಾಪಸ್ ಬಂದ ಅಪ್ಪ ಕನ್ನಡಕ ಏರಿಸಿ ನೋಡಿ, "ಹತ್ತು ವರ್ಷ ಬಾಳ್ತಿತ್ತೋ ಏನೋ" ಅಂದ.

"ಹಾಗಾದ್ರೆ ಕೊಯ್ದಿದ್ದು ದಂಡಾನಾ?"

"ಬಾಳ್ತಿತ್ತೋ ಏನೋ ಅಂದೆ. ಬಾಳ್ತಿತ್ತು ಅನ್ನಲಿಲ್ಲ."

ಆಮೇಲೆ ನನಗೆ ಗೊತ್ತೇ ಇರದ ಒಂದು ವಿಷಯ ಹೇಳಿದ. ಮದುವೆಗೆ ಮುಂಚೆ ಒಬ್ಬ ಹಾಲಿನವನ ಸೈಕಲ್ಲಿಗೆ ಫೋರ್ಕ್ ಬೆಸೆದು ಕೊಟ್ಟಿದ್ದನಂತೆ. ಅವಸರದ ಕೆಲಸ. ಎರಡೇ ತಿಂಗಳಲ್ಲಿ ಬಿಟ್ಟುಕೊಂಡು, ಹಾಲಿನ ಕ್ಯಾನಿನ ಸಮೇತ ಬಿದ್ದು ಅವನ ಮುಂದಿನ ಎರಡು ಹಲ್ಲು ಹೋದವು. "ಒಂದಿನಾನೂ ನನ್ನ ಬೈಲಿಲ್ಲ. ಈಗ್ಲೂ ಮಾರ್ಕೆಟ್ ಹತ್ರ ಸಿಕ್ತಾನೆ, ನಗ್ತಾ ಮಾತಾಡಿಸ್ತಾನೆ. ಅವನು ನಕ್ಕಾಗೆಲ್ಲ ನಂಗೆ ಕಾಣುತ್ತೆ."

ಪೈಪು, ಲಗ್ಗು, ಬಣ್ಣ ಸೇರಿ ಹನ್ನೊಂದು ಸಾವಿರ ಹೋಯಿತು. ಅದಕ್ಕಿಂತ ಕಷ್ಟವಾಗಿದ್ದು ಟೀಚರಿಗೆ ಫೋನ್ ಮಾಡಿದ್ದು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ಸ್ಕೂಲ್ ಶುರುವಾಗೋದ್ರೊಳಗೆ ಸಿಗಲ್ವಾ?"

"ಇಲ್ಲ ಮೇಡಂ. ಜೂನ್ ಮಧ್ಯ ಆಗುತ್ತೆ."

ಸ್ವಲ್ಪ ಹೊತ್ತು ಸದ್ದಿಲ್ಲ. "ನೀವು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ ಮೇಡಂ."

"ಹ್ಞೂಂ" ಅಂದು ಫೋನ್ ಇಟ್ಟರು. ಅಡ್ವಾನ್ಸ್ ವಾಪಸ್ ಕೇಳುತ್ತಾರೆ ಅಂತ ಎರಡು ದಿನ ಕಾದೆ. ಮೂರನೇ ದಿನ ಅವರೇ ಬಂದರು. ಕೊಯ್ದ ತುಂಡು ತೋರಿಸಿ ಅಂದರು. ಕಪ್ಪು ಜಾಗದ ಮೇಲೆ ಬೆರಳಾಡಿಸಿದರು. ನಾನು ಮತ್ತೊಂದು ಸಲ ಸಾರಿ ಹೇಳೋಕೆ ಹೋದೆ. "ಬಣ್ಣ ಅದೇ ಇರಲಿ" ಅಂತ ಹೇಳಿ ಹೊರಟುಬಿಟ್ಟರು.

ಎರಡನೇ ಸಲ ಆ ಲಗ್ ಬೆಸೆಯೋಕೆ ಕೂತಾಗ ಫೋನ್ ಮನೆಯಲ್ಲೇ ಬಿಟ್ಟು ಬಂದಿದ್ದೆ. "ಇವತ್ತು ಯಾರೂ ನೋಡೋಕೆ ಬರ್ತಿಲ್ಲ, ನಿಧಾನಕ್ಕೆ ಮಾಡು" ಅಂತ ಅಪ್ಪ ರೇಗಿಸಿದ. ಗೆರೆ ಸುತ್ತಲೂ ಇಣುಕಿದಾಗ ಹತ್ತಿರ ಬಂದು ನೋಡಿದ, ಏನೂ ಹೇಳದೆ ಪಂಕ್ಚರಿಗೆ ವಾಪಸ್ ಹೋದ. ಅಪ್ಪನ ಭಾಷೆಯಲ್ಲಿ ಅದು ದೊಡ್ಡ ಹೊಗಳಿಕೆ.

ಸೈಕಲ್ ಕೊಟ್ಟ ದಿನ ಜಿನುಗು ಮಳೆ. ಟೀಚರ್ ಒಂದು ರೌಂಡ್ ಹೋಗಿ ಬರ್ತೀನಿ ಅಂತ ಹೊರಟವರು ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಅಪ್ಪ ಎರಡು ಸಲ ರಸ್ತೆಗೆ ಹೋಗಿ ನೋಡಿ ಬಂದ. ಕೊನೆಗೆ ಒದ್ದೆ ತಲೆಯಲ್ಲಿ ಬಂದು ಇಳಿದರು. "ನಾನು ಬಿದ್ದಿದ್ನಲ್ಲ, ಆ ಸರ್ಕಲ್ಲಿಗೆ ಹೋಗಿ ಎರಡು ಸುತ್ತು ಹೊಡ್ಕೊಂಡು ಬಂದೆ. ಕಾಲು ತಗಲ್ಲಿಲ್ಲ" ಅಂದರು.

ಕೊಯ್ದ ತುಂಡನ್ನು ಅಪ್ಪ ಚಾಮುಂಡಿ ಫೋಟೋ ಪಕ್ಕ ಮೊಳೆಗೆ ನೇತುಹಾಕಿದ್ದಾನೆ. ಅದೇನು ಅಂತ ಗಿರಾಕಿಗಳು ಕೇಳಿದರೆ, "ನಮ್ಮ ಹುಡುಗಿ ಡಿಗ್ರಿ ಸರ್ಟಿಫಿಕೇಟು" ಅನ್ನುತ್ತಾನೆ. ನನಗೆ ಈಗಲೂ ಸ್ವಲ್ಪ ನಾಚಿಕೆಯಾಗುತ್ತೆ. ತೆಗೆದುಬಿಡು ಅಂತ ಮಾತ್ರ ಹೇಳಿಲ್ಲ.

ಈಗ ದಿನಾ ಬೆಳಗ್ಗೆ ನಾವು ಶಟರ್ ಎತ್ತೋ ಹೊತ್ತಿಗೆ ಹಸಿರು ಸೈಕಲ್ಲೊಂದು ಬೆಲ್ ಹೊಡೆದು ಹಾದುಹೋಗುತ್ತೆ. ಟೀಚರ್ ಕೈ ಎತ್ತಲ್ಲ, ಎರಡೂ ಕೈ ಹ್ಯಾಂಡಲ್ ಮೇಲೇ ಇರಬೇಕು ಅಂತ ಅವರ ನಿಯಮ. ನಿನ್ನೆ ಗಮನಿಸಿದೆ, ಹಿಂದಿನ ಬ್ರೇಕ್ ಕಿರ್ ಅಂತಿದೆ. ಶನಿವಾರ ಬನ್ನಿ ಅಂತ ಹೇಳಬೇಕು.